ಖಡ್ಗ, ಮಂತ್ರ ಮತ್ತು ನಮ್ಮತ್ತೆಯ ಮದ್ದು

ಮೊನ್ನೆ ಹುರುಳಿಕಾಳು ಆರಿಸುತ್ತ ಕೂತಿದ್ದೆ. ಮೊರದ ಮೂಲೆಯಲ್ಲಿ ನೀಲಿಯದೇನೋ ಮಿನುಗಿತು. ಹುರುಳಿಯಲ್ಲಿ ಕಲ್ಲು ಸಿಗುತ್ತದೆ, ಮಣ್ಣುಂಡೆ ಸಿಗುತ್ತದೆ, ಒಮ್ಮೆ ಶರ್ಟಿನ ಗುಂಡಿಯೂ ಸಿಕ್ಕಿತ್ತು. ಇದು ಅದಾವುದೂ ಅಲ್ಲ. ಎತ್ತಿ ಸೆರಗಿಗೆ ಒರೆಸಿ ನೋಡಿದರೆ ನಮ್ಮ ಆಟದ ದಾಳ. ಚೌಕಾಬಾರದ ಕವಡೆಯಲ್ಲ, ಹಾವು-ಏಣಿಯ ಆರು ಮುಖದ ದಾಳವೂ ಅಲ್ಲ. ಇದಕ್ಕೆ ಇಪ್ಪತ್ತು ಮುಖ. ಈ ಸಲದ ಮಳೆಗಾಲದಲ್ಲಿ ಕಳೆದುಹೋದದ್ದು. ಆಗ ಎಲ್ಲರೂ ನಮ್ಮ ಮನೆಯವರ ಮೇಲೇ ಅನುಮಾನಪಟ್ಟಿದ್ದೆವು. ಅವರು ಆ ದಾಳ ಉರುಳಿಸಿದಾಗಲೆಲ್ಲ ಒಂದೇ ಬೀಳುತ್ತಿತ್ತಾದ್ದರಿಂದ ಎಲ್ಲೋ ಎಸೆದಿರಬೇಕು ಎಂದು. ಹುರುಳಿ ಡಬ್ಬಕ್ಕೆ ಅದು ಹೇಗೆ ಹೋಯಿತೋ ದೇವರಿಗೇ ಗೊತ್ತು. ದಾಳ ಕೈಗೆ ಬಂದದ್ದೇ ತಡ, ಹುರುಳಿ ಹಾಗೇ ಉಳಿಯಿತು. ನಾನು ಕಳೆದ ವರ್ಷಕ್ಕೆ ಹೋಗಿಬಿಟ್ಟೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಒಬ್ಬರು ಕತೆ ಹೇಳಬೇಕು. ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಬೇಕು. ‘ಎದುರಿಗೆ ಒಂದು ಬಾಗಿಲಿದೆ, ಅದರಾಚೆ ಯಾರೋ ಗೊರಕೆ ಹೊಡೆಯುತ್ತಿದ್ದಾರೆ’ ಎಂದು ಕತೆಯವರು ಹೇಳಿದರೆ, ಬಾಗಿಲು ಒಡೆಯುತ್ತೀರೋ, ಬೀಗ ತೆಗೆಯುತ್ತೀರೋ, ಹಿಂದಕ್ಕೆ ಓಡುತ್ತೀರೋ, ಅದು ನಿಮಗೆ ಬಿಟ್ಟದ್ದು. ನೀವಂದುಕೊಂಡದ್ದು ಆಗುತ್ತದೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಇಪ್ಪತ್ತು ಬಿದ್ದರೆ ಕೂಡುವ ಕಳೆಯುವ ಲೆಕ್ಕವಿಲ್ಲದೆ ಗೆಲುವು, ಒಂದು ಬಿದ್ದರೆ ಕೆಟ್ಟಂತೆ. ಪಾತ್ರಗಳಲ್ಲಿ ಜಾತಿಗಳಿವೆ. ಗಾಬರಿಯಾಗಬೇಡಿ, ಆಟದವರು ಅದನ್ನು ಕ್ಲಾಸ್ ಅನ್ನುತ್ತಾರೆ. ಯೋಧ, ಮಂತ್ರವಾದಿ, ಕಳ್ಳ, ವೈದ್ಯ, ಹೀಗೆ. ಒಬ್ಬೊಬ್ಬರಿಗೆ ಒಂದೊಂದು ಬಲ. ಈ ಬಲಗಳನ್ನು ಒಬ್ಬರಿಗೆ ಜಾಸ್ತಿ ಒಬ್ಬರಿಗೆ ಕಡಿಮೆ ಆಗದಂತೆ ತೂಗಿಸಿಕೊಂಡು ಹೋಗುವುದು ಕತೆ ಹೇಳುವವರ ಕೆಲಸ. ನಮ್ಮಲ್ಲಿ ಆ ಕೆಲಸ ನನ್ನದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ಎಂಬ ಒಂದೇ ಕಾರಣಕ್ಕೆ ಕೊಟ್ಟರು. ಗಣಿತ ಗೊತ್ತಿದ್ದರೆ ಸಾಕು ಎಂದು ನಾನೂ ಒಪ್ಪಿಕೊಂಡೆ.

ಆಟ ತಂದವನು ನನ್ನ ತಮ್ಮ ಯೋಗೇಶ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಓದುವಾಗ ಕಲಿತದ್ದು. ಓದಿ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಅವನು ನಿಜವಾಗಿ ತೋರಿಸಬಹುದಾದದ್ದು ಇದೊಂದೇ. ಈಗ ಹಾರನಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಹೊಗೆಸೊಪ್ಪು, ಮುಸುಕಿನ ಜೋಳ ಬೆಳೆಯುತ್ತಾನೆ, ಚೆನ್ನಾಗಿಯೇ ಬೆಳೆಯುತ್ತಾನೆ. ಭಾನುವಾರ ಮಧ್ಯಾಹ್ನ ಹುಣಸೂರಿನ ನಮ್ಮ ಮನೆಗೆ ಬೈಕಿನಲ್ಲಿ ಬರುತ್ತಿದ್ದ. ಊಟ ಮುಗಿಸಿ ಹಜಾರದಲ್ಲಿ ಚಾಪೆ ಹಾಸಿ ಆಟಕ್ಕೆ ಕೂರುತ್ತಿದ್ದೆವು.

ನಮ್ಮ ಮನೆಯವರು ನಟರಾಜ್. ಭೇರ್ಯದ ಕಡೆಯವರು, ಹುಣಸೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುತ್ತಿನ ತಾಲ್ಲೂಕುಗಳಲ್ಲಿ ಎಲ್ಲಿ ಪಂಪ್‌ಸೆಟ್ ಸುಟ್ಟರೂ ಅದನ್ನು ಇವರ ಬಾಗಿಲಿಗೆ ತಂದು ಇಳಿಸುತ್ತಾರೆ. ಅವರು ಯೋಧನಾದರು. ನಮ್ಮ ಶಾಲೆಯ ಪಿ.ಟಿ. ಟೀಚರ್ ಸುನಂದಾ ಸರಗೂರಿನವಳು. ಸಾಲಿನಲ್ಲಿ ಒಂದು ಹುಡುಗ ಅಲುಗಿದರೆ ಗ್ರೌಂಡ್ ಸುತ್ತಿಸುವವಳು. ಅವಳು ಯಾರೂ ಹೇಳದೆಯೇ ಕಳ್ಳಿಯ ಪಾತ್ರ ಆರಿಸಿಕೊಂಡಳು. ಮೊದಲ ದಿನವೇ ಸ್ವಂತ ಪಂಗಡದವರ ಜೇಬು ಕತ್ತರಿಸಿದಳು. ಯೋಗೇಶ ಮಂತ್ರವಾದಿ. ಆಟ ತಂದವನು ಮಂತ್ರವಾದಿಯನ್ನೇ ಏಕೆ ತೆಗೆದುಕೊಂಡ ಎಂದು ಆಗ ಯಾರೂ ಯೋಚಿಸಲಿಲ್ಲ.

ನಾಲ್ಕನೆಯವರು ನಮ್ಮತ್ತೆ ಪುಟ್ಟತಾಯಮ್ಮ. ಅವರು ಆಟಕ್ಕೆ ಬಂದದ್ದು ತಪ್ಪಿ. ಮೊದಮೊದಲು ಬಾಗಿಲ ಹತ್ತಿರ ಕೂತು ಅವರೆಕಾಳು ಹಿದುಕುತ್ತ ಕೇಳುತ್ತಿದ್ದರು. ಮೂವರೂ ಮತ್ತೆ ಮತ್ತೆ ಸಾಯುತ್ತಿದ್ದರು. ಒಂದು ಭಾನುವಾರ ಅತ್ತೆಗೆ ತಡೆಯಲಾಗಲಿಲ್ಲ.

“ಒಬ್ರಾದ್ರೂ ಮದ್ದು ಮಡೀಕಂಡು ಓಗಬಾರ್ದೇನ್ರಪ್ಪ, ಇಂಗೆ ಬರಿಗೈಲಿ ಕಾಡಿಗೋದ್ರೆ?”

ಹಾಗೆ ವೈದ್ಯೆಯ ಪಾತ್ರ ಅವರ ಪಾಲಿಗೆ ಬಂತು. ಯಾರಿಗೇ ಗಾಯವಾಗಲಿ, ‘ಅವ್ವ, ಮದ್ದು’ ಎಂದರೆ ಸಾಕು, ದಾಳ ಉರುಳಿಸಿ ವಾಸಿ ಮಾಡುತ್ತಿದ್ದರು.

ಪಾತ್ರದ ಮಾತು ಬಂತು, ನಮ್ಮಪ್ಪನ ವಿಷಯ ಹೇಳದೆ ಮುಂದೆ ಹೋದರೆ ಸಮಾಧಾನವಿಲ್ಲ. ಊರಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಕಲಿಯುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ರಾಜನ ಪಾತ್ರಕ್ಕೆ ಜಗಳ, ಗದೆ ಹಿಡಿಯುವವನ ಪಾತ್ರಕ್ಕೆ ಇನ್ನೂ ದೊಡ್ಡ ಜಗಳ. ನಮ್ಮಪ್ಪನಿಗೆ ಗಂಟಲಿರಲಿಲ್ಲ, ಹಾಗಾಗಿ ಯಾವಾಗಲೂ ಕಾವಲುಗಾರ. ಕೈಯಲ್ಲಿ ಭರ್ಜಿ, ಬಾಯಲ್ಲಿ ‘ಅಪ್ಪಣೆ ಮಹಾಪ್ರಭು’ ಎಂಬ ಒಂದೇ ಮಾತು. ಆ ಒಂದು ಮಾತನ್ನು ಅಪ್ಪ ಹಿತ್ತಿಲಲ್ಲಿ ಎಮ್ಮೆಗೆ ಹುಲ್ಲು ಹಾಕುವಾಗ ಒಮ್ಮೆ ವಿನಯದಿಂದ, ಒಮ್ಮೆ ಗತ್ತಿನಿಂದ, ಒಮ್ಮೆ ಒಳಗೇನೋ ಸಂಚಿದೆ ಎನ್ನುವ ಹಾಗೆ ಹೇಳಿ ನೋಡುತ್ತಿದ್ದರು. ಎಮ್ಮೆ ಮೂರಕ್ಕೂ ಒಂದೇ ಥರ ತಿರುಗಿ ನೋಡುತ್ತಿತ್ತು. ಆಗ ನನಗೆ ನಗು ಬರುತ್ತಿತ್ತು. ಬರೀ ನಿಂತಿರುವ ಪಾತ್ರದವನಿಗೆ ಕಾಲು ಎಷ್ಟು ನೋಯುತ್ತದೆ ಎಂದು ಕೇಳಬೇಕೆನಿಸಿರಲಿಲ್ಲ.

ಕತೆಗೆ ಬರುತ್ತೇನೆ. ಶುರುವಿನಲ್ಲಿ ನಮ್ಮ ಮನೆಯವರದ್ದೇ ದರ್ಬಾರು. ಮಂತ್ರವಾದಿಗೆ ದಿನಕ್ಕೊಂದೇ ಮಂತ್ರ, ಮೈಯಲ್ಲಿ ಕಸುವಿಲ್ಲ. ಒಮ್ಮೆ ಬೀದಿನಾಯಿ ಕಚ್ಚಿಯೇ ಸಾಯುವ ಹಾಗಾಗಿದ್ದ. ಯೋಧನ ಬೆನ್ನ ಹಿಂದೆ ಅಡಗಿಕೊಂಡು ಓಡಾಡುತ್ತಿದ್ದ. ‘ಭಾವ, ನೀವ್ ಮುಂದೆ ನಡೀರಿ’ ಎನ್ನುತ್ತಿದ್ದ. ಭಾವನಿಗೆ ಅದನ್ನು ಕೇಳಲು ಭಾಳ ಹಿತ.

ಆದರೆ ಈ ಆಟದಲ್ಲಿ ಒಂದು ಕೊಕ್ಕೆಯಿದೆ. ಆಡುತ್ತ ಆಡುತ್ತ ಎಲ್ಲರೂ ಬಲಿಯುತ್ತಾರೆ, ಆದರೆ ಒಂದೇ ಥರ ಬಲಿಯುವುದಿಲ್ಲ. ಯೋಧ ಬಲಿತರೆ ಒಂದು ಏಟಿನ ಜಾಗದಲ್ಲಿ ಎರಡು ಏಟು ಹೊಡೆಯುತ್ತಾನೆ. ಮಂತ್ರವಾದಿ ಬಲಿತರೆ ಹಾರುತ್ತಾನೆ, ಮಾಯವಾಗುತ್ತಾನೆ, ಬೆಂಕಿಯುಂಡೆ ಎಸೆದು ಇಡೀ ದಂಡನ್ನು ಸುಡುತ್ತಾನೆ. ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಯೋಗೇಶ ಕಳ್ಳಿಯ ಬೀಗ ತೆಗೆಯುವ ಕೆಲಸವನ್ನೂ ಮಂತ್ರದಲ್ಲೇ ಮುಗಿಸುತ್ತಿದ್ದ. ಸುನಂದಾ ಹೇಗೋ ಜೇಬು ಕತ್ತರಿಸಿಕೊಂಡು ಕಾಲ ಹಾಕುತ್ತಿದ್ದಳು. ನಮ್ಮ ಮನೆಯವರು ಮಾತ್ರ ತಣ್ಣಗಾಗುತ್ತ ಬಂದರು. ‘ಈಗ ನೀವೇನು ಮಾಡ್ತೀರಿ’ ಎಂದು ಕೇಳಿದರೆ ಮಂಡಕ್ಕಿ ಬಾಯಿಗೆ ಹಾಕಿಕೊಂಡು ‘ಹೊಡೀತೀನಿ’ ಎನ್ನುವುದು. ಮುಂದಿನ ಸರದಿಯಲ್ಲೂ ಹೊಡೀತೀನಿ. ಅದರ ಮುಂದಿನದ್ದರಲ್ಲಿ ಕೇಳುವ ಮೊದಲೇ ಶತ್ರುಗಳೆಲ್ಲ ಬೂದಿಯಾಗಿರುತ್ತಿದ್ದರು. ಒಂದು ಭಾನುವಾರ ಊಟವಾದ ಮೇಲೆ ಅಂಗಡಿ ಕೀಲಿಕೈ ತೆಗೆದುಕೊಂಡು ಹೊರಟರು. ಮದುವೆಯಾದಾಗಿನಿಂದ ಭಾನುವಾರ ಅಂಗಡಿ ತೆಗೆದವರಲ್ಲ. ನಾನು ಬಾಗಿಲಲ್ಲಿ ಅಡ್ಡ ನಿಂತು ಏನಾಯಿತೆಂದು ಕೇಳಿದೆ.

“ನಾನ್ ಬಾಗ್ಲು ಒಡೀಬೇಕು ಅಂತ ಎದ್ದೇಳೋಷ್ಟ್ರಲ್ಲಿ ಅವ್ನು ಮಂತ್ರ ಹಾಕಿ ತೆಗ್ದಿರ್ತಾನೆ. ನಾನಲ್ಲಿ ಇರದು ಯಾತಕ್ಕೆ, ಚಾಪೆ ಹಿಡ್ಕಳಕಾ?”

ನಾಲ್ಕು ತಾಲ್ಲೂಕಿನ ಜನ ದಾರಿ ಕಾಯುವ ಮನುಷ್ಯ. ಅವರ ಮುಖ ನೋಡಿ ನನಗೆ ನಗಲಾಗಲಿಲ್ಲ. ಆಟ ಸರಿತೂಗಿಸುತ್ತೇನೆ ಎಂದು ಮಾತು ಕೊಟ್ಟು ಕೀಲಿಕೈ ಇಸಿದುಕೊಂಡೆ.

ಅಲ್ಲಿಂದ ನನ್ನ ಪಾಡು ಶುರುವಾಯಿತು. ಶಾಲೆಯ ಸ್ಟಾಫ್ ರೂಮಿನಲ್ಲಿ ಬಿಡುವಿನ ಪಿರಿಯಡ್ಡಿನಲ್ಲಿ ಸುನಂದಾ ಮತ್ತು ನಾನು ಇದನ್ನೇ ಚರ್ಚಿಸುತ್ತಿದ್ದೆವು. ಒಂದು ಕ್ಲಾಸು ಭಾಳ ಮುಂದೆ ಹೋಗಿದೆ, ಇನ್ನೊಂದು ಪೂರ್ತಿ ಹಿಂದೆ ಬಿದ್ದಿದೆ, ಹಿಂದಿರುವವರನ್ನು ಮೇಲೆತ್ತಬೇಕೋ ಮುಂದಿರುವವರನ್ನು ಕೆಳಗಿಳಿಸಬೇಕೋ ಎಂದು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರಂತೆ. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ, ಬಿಡುವಿನಲ್ಲೂ ಮಕ್ಕಳ ಚಿಂತೆಯನ್ನೇ ಮಾಡುವ ಇಬ್ಬರು ಶಿಕ್ಷಕಿಯರು ನಮ್ಮಲ್ಲಿದ್ದಾರೆ ಎಂದು ಹೊಗಳಿದರು. ಸುನಂದಾ ನೆಟ್ಟಗೆ ಅಟೆನ್ಷನ್‌ನಲ್ಲಿ ನಿಂತು ಹೊಗಳಿಕೆ ಸ್ವೀಕರಿಸಿದಳು. ಕಳ್ಳಿಯ ಪಾತ್ರ ಅವಳಿಗೆ ಸುಮ್ಮನೆ ಒಗ್ಗಿದ್ದಲ್ಲ.

ಮೊದಲು ಯೋಧನನ್ನು ಮೇಲೆತ್ತಿದೆ. ಹಾಳುಗುಡಿಯೊಂದರಲ್ಲಿ ಮಿಂಚಿನ ಖಡ್ಗ ಸಿಗುವ ಹಾಗೆ ಮಾಡಿದೆ. ನಮ್ಮ ಮನೆಯವರು ಅರಳಿದರು. ಒಂದೇ ಮಧ್ಯಾಹ್ನದಲ್ಲಿ ನಾನು ವಾರವೆಲ್ಲ ಕೂತು ಸಾಕಿದ್ದ ರಾಕ್ಷಸರ ಸಂತತಿಯೇ ನಿರ್ವಂಶವಾಯಿತು. ಸುನಂದಾ ಆಕಳಿಸಿದಳು. ಮುಂದಿನ ವಾರ ಖಡ್ಗ ತುಕ್ಕು ಹಿಡಿಯಿತು ಎಂದೆ. ಮಿಂಚಿಗೆ ತುಕ್ಕು ಹೇಗೆ ಹಿಡಿಯುತ್ತದೆ ಎಂದು ಕೇಳಿದರು. ತಾಮ್ರದ ತಂತಿ ಸುತ್ತಿಯೇ ಬದುಕುವ ಮನುಷ್ಯನ ಹತ್ತಿರ ಈ ವಾದ ಗೆಲ್ಲುವ ಹಾಗಿರಲಿಲ್ಲ. ಅಂತೂ ಖಡ್ಗ ಕಸಿದುಕೊಂಡೆ. ಅವರು ಮೊದಲಿಗಿಂತ ತಣ್ಣಗಾದರು.

ಆಮೇಲೆ ಮಂತ್ರವಾದಿಯನ್ನು ಇಳಿಸಲು ಹೊರಟೆ. ಪ್ರತಿ ಮಂತ್ರಕ್ಕೂ ಸಾಮಗ್ರಿ ಬೇಕು, ಬೆಂಕಿಗೆ ಗಂಧಕ, ಹಾರುವುದಕ್ಕೆ ಹದ್ದಿನ ಗರಿ ಎಂದು ನಿಯಮ ತಂದೆ. ಯೋಗೇಶ ರೈತ. ಹಂಗಾಮಿಗೆ ಮೊದಲೇ ಗೊಬ್ಬರ ತಂದಿಡುವವನು. ಆಟದ ಪೇಟೆಗೆ ಹೋಗಿ ಗಂಧಕವನ್ನು ಗಾಡಿಗಟ್ಟಲೆ ತುಂಬಿಕೊಂಡು ಬಂದ.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಮಂತ್ರ ನಾಟದ ಗುಹೆ. ಒಳಗೆ ಕಾಲಿಟ್ಟರೆ ಯಾವ ಮಂತ್ರವೂ ನಡೆಯದು, ತೋಳಿನ ಬಲವೊಂದೇ ಗತಿ. ನನ್ನ ಕಲ್ಪನೆಯ ರಾಜ್ಯದ ನಕ್ಷೆ ಹೆಚ್ಚುಕಡಿಮೆ ನಮ್ಮ ನಾಲ್ಕು ತಾಲ್ಲೂಕಿನದ್ದೇ ಆಗಿರುತ್ತಿತ್ತು. ಗುಹೆಯನ್ನು ಎಚ್.ಡಿ. ಕೋಟೆ ಆಚೆಯ ಕಾಡಿನೊಳಗೆ, ಹಿನ್ನೀರಿನ ಪಕ್ಕ ಇಟ್ಟೆ. ಆ ಕಡೆ ಹೋಗಲು ಫಾರೆಸ್ಟಿನವರು ಬಿಡುವುದಿಲ್ಲ ಎಂದು ಸುನಂದಾ ತಕರಾರು ತೆಗೆದಳು. ಸರಗೂರಿನಿಂದ ಅಲ್ಲಿಗೆ ನೇರ ಬಸ್ಸಿಲ್ಲ ಎಂದೂ ಸೇರಿಸಿದಳು. ಇವರ ಹತ್ತಿರ ಕುದುರೆಗಳಿವೆ ಎಂದು ನೆನಪಿಸಿ ಹೇಗೋ ಎಲ್ಲರನ್ನೂ ಗುಹೆಯೊಳಗೆ ನೂಕಿದೆ.

ಒಳಗೆ ಒಬ್ಬ ದೈತ್ಯ. ಯೋಗೇಶ ಎಂದಿನಂತೆ ತೋಳು ಮಡಚಿ ಬೆಂಕಿಯುಂಡೆ ಎಂದ. ದಾಳ ಚೆನ್ನಾಗಿಯೇ ಬಿತ್ತು. ನಾನು, ಒಂದಿಷ್ಟು ಖುಷಿಯಲ್ಲೇ ಇರಬೇಕು, ನಿನ್ನ ಬೆರಳ ತುದಿಯಿಂದ ಬರೀ ಹೊಗೆ ಬಂತು ಎಂದೆ. ನಮ್ಮ ಮನೆಯವರು ಎಷ್ಟೋ ತಿಂಗಳ ನಂತರ ಬಾಯ್ತುಂಬ ನಕ್ಕರು. ನಕ್ಕು ಸುಮ್ಮನಾಗಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ.

“ಹೊಗೆಸೊಪ್ಪಿನ ಮಂತ್ರವಾದಿ ಅಲ್ವೇನ್ಲಾ ನೀನು, ಹೊಗೇನೇ ಬರದು” ಎಂದರು.

ಯೋಗೇಶ ನಗಲಿಲ್ಲ. ತನ್ನ ದಾಳಗಳನ್ನು ಚೀಲಕ್ಕೆ ಹಾಕಿಕೊಂಡ. ಕಾಫಿ ಬೇಡ ಅಕ್ಕ ಎಂದು ಹೇಳಿ ಬೈಕು ಹತ್ತಿದ. ದೈತ್ಯ ಗದೆ ಎತ್ತಿದವನು ಎತ್ತಿಕೊಂಡೇ ನಿಂತ.

ಮುಂದಿನ ಭಾನುವಾರ ಅವನು ಬರಲಿಲ್ಲ. ಬ್ಯಾರನ್‌ಗೆ ಬೆಂಕಿ ಹಾಕಿದ್ದೀನಿ ಎಂದು ಫೋನಿನಲ್ಲಿ ಹೇಳಿದ. ಹೊಗೆಸೊಪ್ಪನ್ನು ಒಣಗಿಸುವ ಆ ಎತ್ತರದ ಮನೆಗೆ ಒಮ್ಮೆ ಬೆಂಕಿ ಹಾಕಿದರೆ ಸೊಪ್ಪು ಹದಕ್ಕೆ ಬರುವವರೆಗೆ ಬಿಟ್ಟು ಏಳುವ ಹಾಗಿಲ್ಲ. ಹಾಗಾಗಿ ನಮ್ಮ ಕಡೆ ಇದಕ್ಕಿಂತ ಗಟ್ಟಿಯಾದ ನೆಪ ಇನ್ನೊಂದಿಲ್ಲ. ಅದರ ಮುಂದಿನ ವಾರವೂ ಬ್ಯಾರನ್. ನಡುವೆ ಅಮ್ಮನ ಫೋನು ಬಂತು. ಅಳಿಯಂದಿರು ಹೊಗೆಸೊಪ್ಪು ಬೆಳೆಯುವವನೆಂದು ಆಡಿಕೊಂಡರಂತೆ, ನಾಲ್ಕು ಜನರ ಮುಂದೆ ನಕ್ಕರಂತೆ, ನೀನೂ ಜೊತೆಗೆ ಸೇರಿಕೊಂಡು ಅವನ ಕೈ ಕಟ್ಟಿಹಾಕಿದೆಯಂತೆ, ಇದೆಲ್ಲ ನಿಜವೇ ಎಂದು ಕೇಳಿದರು. ಕೈ ಕಟ್ಟಿದ್ದು ಗುಹೆ ಅಮ್ಮ ಎಂದೆ. ಯಾವ ಗುಹೆ ಎಂದರು. ನಾನು ವಿವರಿಸಿದಷ್ಟೂ ವಿಷಯ ಕೆಟ್ಟದಾಗಿ ಕೇಳಿಸುತ್ತ ಹೋಯಿತು. ಕೊನೆಗೆ ಅಮ್ಮ, ಗೌರಿ ಹಬ್ಬಕ್ಕೆ ಬಾಗಿನ ತರಲು ಅವನು ಬರುವುದು ಅನುಮಾನ, ಪಕ್ಕದ ಮನೆಯ ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎಂದರು.

ತವರಿನ ಬಾಗಿನವನ್ನು ತಮ್ಮ ಇದ್ದೂ ಪಕ್ಕದ ಮನೆಯವರು ತರುವುದೆಂದರೆ ಅದು ಆಟದ ಮಾತಲ್ಲ. ನಾಳೆ ಅದು ‘ಭಾವ ಮೈದುನರಿಗೆ ಮಾತಿಲ್ಲವಂತೆ’ ಎಂದಾಗುತ್ತದೆ, ವರ್ಷ ಕಳೆದರೆ ಯಾಕೆಂದು ಯಾರಿಗೂ ನೆನಪಿರುವುದಿಲ್ಲ, ಮಾತು ಮಾತ್ರ ನಿಂತೇ ಇರುತ್ತದೆ. ಅವನಿಗೆ ಫೋನು ಮಾಡಿ ಎಂದು ನಮ್ಮ ಮನೆಯವರಿಗೆ ಹೇಳಿದೆ. ನಾನೇನು ಇಲ್ಲದ್ದು ಅಂದೆನಾ ಎಂದರು. ಆದರೆ ಸಂಜೆ ಅಂಗಡಿಯಲ್ಲಿ ಸುಮ್ಮನೆ ಫೋನು ಕೈಲಿ ಹಿಡಿದು ಕೂತಿದ್ದರೆಂದು ಸುನಂದಾ ನೋಡಿ ಬಂದು ಹೇಳಿದಳು. ಯೋಗೇಶನಿಗೆ ನಾನು ಮಾಡಿದೆ. ಬ್ಯಾರನ್ ಎಂದ.

ಹಬ್ಬದ ದಿನ ಬೆಳಿಗ್ಗೆ ಗೌರಿ ಕೂರಿಸಿ, ಹೊಸಿಲಿಗೂ ಒಲೆಗೂ ಓಡಾಡುತ್ತಿದ್ದೆ. ಅಡುಗೆ ಮುಗಿಯುವ ಹೊತ್ತಿಗೆ ಬೈಕಿನ ಸದ್ದಾಯಿತು. ನೋಡಿದರೆ ಅವನೇ. ಬಾಗಿನದ ಮೊರಗಳನ್ನು ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದುಕೊಂಡು ಬಂದಿದ್ದಾನೆ. ಮುಖ ಮಾತ್ರ ಬಾಡಿಗೆ ಆಟೋದವನದ್ದು. ಬಾಗಿನ ಕೊಟ್ಟ, ಕಾಲಿಗೆ ಬಿದ್ದ, ಊಟ ಮಾಡಿ ಹೊರಡುತ್ತೇನೆ, ಬೆಂಕಿ ನೋಡಿಕೊಳ್ಳಲು ಅಪ್ಪನನ್ನು ಕೂರಿಸಿ ಬಂದಿದ್ದೇನೆ ಎಂದ. ಅವನೂ ಭಾವನೂ ಎದುರೆದುರು ಎಲೆಗೆ ಕೂತರು. ಹೋಳಿಗೆ ಹಾಕಲಾ, ತುಪ್ಪ ಹಾಕಲಾ ಎಂಬ ನನ್ನ ಮಾತು ಬಿಟ್ಟರೆ ಹಬ್ಬದ ಊಟದಲ್ಲಿ ಇನ್ನೊಂದು ಸದ್ದಿರಲಿಲ್ಲ. ಸುನಂದಾಳನ್ನೂ ಕರೆದಿದ್ದೆ. ಮಾತಿಗಿಂತ ಹೆಚ್ಚು ತಿನ್ನುವುದೇ ಕ್ಷೇಮ ಎಂದು ಅವಳು ನಿರ್ಧರಿಸಿದ ಹಾಗಿತ್ತು.

ಕೈ ತೊಳೆದು ಯೋಗೇಶ ಹೆಲ್ಮೆಟ್ಟಿಗೆ ಕೈ ಹಾಕಿದ. ಅತ್ತೆ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದವರು ಕತ್ತೆತ್ತಲಿಲ್ಲ.

“ನಮ್ಮನ್ನ ಆ ಗವೀಲಿ ಬುಟ್ಟು ಓಗಿದ್ದೀಯಲ್ಲಪ್ಪ ಯೋಗಿ. ಅವ್ನು ಗದೆ ಎತ್ಕಂಡು ನಿಂತವ್ನೆ. ಮುಗ್ಸಿ ಓಗು.”

ಹಿರಿಯರು, ಹಬ್ಬದ ದಿನ, ಅಕ್ಕನ ಅತ್ತೆ. ಇಲ್ಲವೆನ್ನಲಾಗದೆ ಯೋಗೇಶ ಚಾಪೆಯ ತುದಿಯಲ್ಲಿ ಕೂತ. ನಮ್ಮ ಮನೆಯವರು ಇನ್ನೊಂದು ತುದಿಯಲ್ಲಿ ಕೂತರು. ನಾನು ಕತೆ ಎತ್ತಿಕೊಂಡೆ. ಗದೆ ಕೆಳಗೆ ಬಂತು. ಯೋಧನಿಗೆ ಭಾರೀ ಪೆಟ್ಟು. ಅವರ ಬಲ ಅರ್ಧಕ್ಕಿಳಿಯಿತು. ಅಭ್ಯಾಸದಂತೆ ‘ಅವ್ವ, ಮದ್ದು’ ಎಂದರು.

ಅತ್ತೆ ಎಲೆಗೆ ಸುಣ್ಣ ಸವರುತ್ತ ತಮ್ಮ ಚೀಲದಲ್ಲಿ ಮದ್ದು ಎಷ್ಟಿದೆ ಎಂದು ಕೇಳಿದರು. ಒಬ್ಬರಿಗೆ ಆಗುವಷ್ಟು ಎಂದೆ.

“ಸರಿ. ನಾನೇ ಕುಡೀತೀನಿ” ಎಂದರು.

ಎಲ್ಲರೂ ಅವರನ್ನೇ ನೋಡಿದೆವು. ನಿನಗೇನಾಗಿದೆ ಎಂದು ಮಗ ಕೇಳಿದರು.

“ನಂಗೂ ಏಟು ಬಿದ್ದದೆ ಕಣ್ಲಾ. ಆ ಸೇತುವೆ ಅತ್ರ ಬಾಣ ಒಡೆದ್ರಲ್ಲ, ಆವತ್ತಿಂದ. ನಿಮ್ದೆಲ್ಲ ವಾಸಿ ಮಾಡ್ದೆ. ನಿಂಗೆಂಗದೆ ಅಂತ ಒಬ್ರೂ ಕೇಳ್ಲಿಲ್ಲ.”

ನಾನು ಅವರ ಪಾತ್ರದ ಹಾಳೆ ತಿರುಗಿಸಿ ನೋಡಿದೆ. ನಿಜ. ಇನ್ನೊಂದು ಸಣ್ಣ ಗೀರು ಬಿದ್ದಿದ್ದರೂ ಸತ್ತಿರುತ್ತಿದ್ದರು. ಯೋಧನಿಗೆ ಅನ್ಯಾಯವಾಗುತ್ತಿದೆ, ಮಂತ್ರವಾದಿಗೆ ಹೆಚ್ಚಾಗುತ್ತಿದೆ ಎಂದು ತಿಂಗಳುಗಟ್ಟಲೆ ಕೂಡಿ ಕಳೆದ ನಾನು ಆ ಹಾಳೆಯ ಕಡೆ ಕಣ್ಣು ಹಾಯಿಸಿರಲಿಲ್ಲ. ಅತ್ತೆ ದೂರು ಹೇಳುವ ದನಿಯಲ್ಲೂ ಹೇಳಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟೇ ಸಹಜವಾಗಿ ಹೇಳಿದ್ದರು. ಅದಕ್ಕೇ ಇನ್ನಷ್ಟು ಚುರುಕ್ ಎಂದಿತು.

ನಾನು ದಾಳ ಕೇಳಿದೆ. ಅತ್ತೆ ಮದ್ದು ಕುಡಿದು ದಾಳ ಉರುಳಿಸಿದರು. ಒಂದು ಬಿತ್ತು. ಮದ್ದು ಹತ್ತಲಿಲ್ಲ. ದೈತ್ಯ ಅವರತ್ತ ತಿರುಗಿದ.

ಆಗ ನಮ್ಮ ಮನೆಯವರು ಚಾಪೆಯ ಮೇಲೆ ಮಂಡಿಯೂರಿ ಎದ್ದರು. ಅವ್ವನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಾಗಿಲ ಕಡೆ ಓಡುತ್ತೇನೆ ಎಂದರು. ಹೊತ್ತುಕೊಂಡರೆ ಎರಡೂ ಕೈ ಹೋಗುತ್ತದೆ, ಖಡ್ಗ ಹಿಡಿಯಲಾಗದು ಎಂದು ನಿಯಮ ಹೇಳಿದೆ. ಅವರು ಚಾಪೆಯ ಆ ತುದಿಗೆ ಮುಖ ಮಾಡಿದರು.

“ಯೋಗಿ, ಕತ್ತಿ ಹಿಡ್ಕೊ.”

ಮಂತ್ರವಾದಿ ಖಡ್ಗ ಹಿಡಿದರೆ ದಾಳದಲ್ಲಿ ಬಿದ್ದದ್ದರಲ್ಲಿ ಅರ್ಧಕ್ಕರ್ಧ ಕಳೆಯಬೇಕು. ಯೋಗೇಶ ಉರುಳಿಸಿದ. ಖಡ್ಗ ಎತ್ತಲಾಗದೆ ನೆಲದ ಮೇಲೆ ದರದರ ಎಳೆದ ಎಂದೆ. ಎರಡು ಕೈಯಲ್ಲಿ ಹಿಡಿಯಬೇಕು, ಕಾಲು ಅಗಲ ಮಾಡಬೇಕು ಎಂದು ಭಾವ ಎದ್ದು ನಿಂತು ಸೌದೆ ಒಡೆಯುವವರ ಹಾಗೆ ತೋರಿಸಿದರು. ಯೋಗೇಶನೂ ಎದ್ದು ನಿಂತು ಹಾಗೇ ಮಾಡಿದ. ಮತ್ತೆ ಉರುಳಿಸಿದ, ತಪ್ಪಿತು. ಖಡ್ಗ ಬಂಡೆಗೆ ಬಡಿದು ಅವನ ಕೈಯೇ ಜುಮ್ಮೆಂದಿತು. ದೈತ್ಯನಿಗೆ ಇವನನ್ನು ಹೊಡೆಯಬೇಕೋ ನಗಬೇಕೋ ತಿಳಿಯಲಿಲ್ಲ ಎಂದೆ. ಸುನಂದಾ ಈ ಗಲಾಟೆಯಲ್ಲಿ ದೈತ್ಯನ ಸೊಂಟದ ಚೀಲ ಕತ್ತರಿಸಿದಳು. ಅದಕ್ಕೆ ನಾವು ಯಾರೂ ಆಶ್ಚರ್ಯಪಡಲಿಲ್ಲ. ದೈತ್ಯ ಅವಳ ಕಡೆ ತಿರುಗಿದಾಗ ಯೋಗೇಶ ಕಣ್ಣು ಮುಚ್ಚಿಕೊಂಡು ಮೂರನೇ ಸಲ ಎಸೆದ. ದಾಳ ಉರುಳಿ ಉರುಳಿ ಎಲೆಯಡಿಕೆ ತಟ್ಟೆಗೆ ತಾಗಿ ನಿಂತಿತು. ಇಪ್ಪತ್ತು. ದೈತ್ಯ ನೆಲಕ್ಕುರುಳಿದ.

ಆಮೇಲೆ ಆದ ಗದ್ದಲಕ್ಕೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದರು. ಭಾವ ಮೈದುನನ ಬೆನ್ನಿಗೆ ಹೊಡೆದ ಏಟು ಆಟದ ಯಾವ ಏಟಿಗಿಂತಲೂ ಜೋರಾಗಿತ್ತು. ಆ ಕತ್ತಿ ಹೊತ್ತುಕೊಂಡು ಇಷ್ಟು ದಿನ ಹೇಗೆ ಓಡಾಡಿದಿರಿ ಭಾವ ಎಂದು ಯೋಗೇಶ ಕೇಳಿದ. ತಮಾಷೆಗೆ ಕೇಳಿದ್ದಲ್ಲ, ಅವನಿಗೆ ನಿಜವಾಗಿಯೂ ತೋಳು ನೋಯುತ್ತಿರುವ ಹಾಗಿತ್ತು. ಕ್ಷಮೆ, ತಪ್ಪು ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಕಾಫಿ ಕುಡಿದು ಯೋಗೇಶ ಹೊರಟಾಗ ನಮ್ಮ ಮನೆಯವರು, ಅಪ್ಪ ಒಬ್ಬರೇ ಎಷ್ಟು ಹೊತ್ತು ಬೆಂಕಿಯ ಮುಂದೆ ಕೂರುತ್ತಾರೆ, ನಾನೂ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಅವನ ಹಿಂದೆ ಬೈಕು ಹತ್ತಿದರು. ಮರುದಿನ ವಾಪಸು ಬಂದಾಗ ಮೈಯೆಲ್ಲ ಹೊಗೆಸೊಪ್ಪಿನ ಘಾಟು. ಅಂಗಡಿಗೆ ಹಾಗೇ ಹೋದರು.

ಹಬ್ಬದ ರಾತ್ರಿ ಅಡುಗೆಮನೆಯಲ್ಲಿ ನಾನೂ ಅತ್ತೆಯೂ ಪಾತ್ರೆ ಎತ್ತಿಡುತ್ತಿದ್ದಾಗ ಮದ್ದಿನ ವಿಷಯ ತೆಗೆದೆ. ಗಮನಿಸದೆ ಹೋದೆ, ಮುಂದಿನ ವಾರದಿಂದ ವೈದ್ಯೆಗೆ ಬಲ ಹೆಚ್ಚಿಸುತ್ತೇನೆ, ದಿನಕ್ಕೆ ಇಷ್ಟು ಮದ್ದು ಅಂತ ಜಾಸ್ತಿ ಮಾಡುತ್ತೇನೆ ಎಂದೆ. ಅತ್ತೆ ತಟ್ಟೆ ಒರೆಸಿ ಗೂಡಿಗೆ ಜೋಡಿಸಿದರು. ಮದ್ದು ಜಾಸ್ತಿಯಾದರೆ ಕೆಲಸ ತಾನೇ ಜಾಸ್ತಿಯಾಗುವುದು, ನನಗೆ ಅದು ಬೇಡ, ನಾನು ಮಂತ್ರ ಕಲಿಯುತ್ತೇನೆ ಎಂದರು.

ಮುಂದಿನ ಭಾನುವಾರ ಎಲ್ಲರೂ ಪಾತ್ರ ಬದಲಿಸಿಕೊಂಡರು. ಯೋಗೇಶ ತಾನೇ ಕೇಳಿ ಖಡ್ಗ ತೆಗೆದುಕೊಂಡ. ಮದ್ದಿನ ಚೀಲ ನಮ್ಮ ಮನೆಯವರ ಹೆಗಲಿಗೆ ಬಂತು. ಸುಟ್ಟ ಮೋಟಾರು ಕಟ್ಟಿ ಅಭ್ಯಾಸವಿದ್ದದ್ದಕ್ಕೋ ಏನೋ, ಗಾಯ ಎಲ್ಲಾಯಿತು, ಎಷ್ಟು ಹೊತ್ತಾಯಿತು, ಮೊದಲು ಹೀಗಾಗಿತ್ತಾ ಎಂದು ಅವರು ವಿಚಾರಿಸುವುದು ನೋಡುವಂತಿತ್ತು. ಸುನಂದಾ ಕಳ್ಳಿಯಾಗಿಯೇ ಉಳಿದಳು. ಅದನ್ನು ಬಿಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಅತ್ತೆ ಮೊದಲ ಸರದಿಯಲ್ಲೇ ಶತ್ರುಗಳ ಪಾಳೆಯಕ್ಕೆ ಬೆಂಕಿಯುಂಡೆ ಹಾಕಿದರು. ಪಾಳೆಯ ಉರಿಯಿತು. ಪಕ್ಕದ ಕಣಜ ಉರಿಯಿತು. ನಾವು ನಿಂತಿದ್ದ ಮರದ ಅಟ್ಟಣೆಯೂ ಉರಿಯತೊಡಗಿತು. ಯೋಗೇಶ ಖಡ್ಗ ಒರೆಯಿಂದ ಎಳೆದಿರಲೂ ಇಲ್ಲ. ಎರಡನೇ ಸರದಿಗೆ ಅವರು ಹಾರಿ ಹೋಗಿ ಓಡುತ್ತಿದ್ದವರನ್ನೂ ಸುಟ್ಟರು. ವಾರವೆಲ್ಲ ಕೂತು ಕಟ್ಟಿದ ನನ್ನ ಕತೆ ಕಾಫಿ ಆರುವ ಮೊದಲೇ ಮುಗಿದುಹೋಗಿತ್ತು. ನಾನು ಪೆನ್ಸಿಲ್ ಕೈಗೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಈ ಮಂತ್ರವಾದಿಯ ಬಲ ಯಾಕೋ ಸ್ವಲ್ಪ ಜಾಸ್ತಿಯಾಗಿದೆ ಅನ್ನಿಸುತ್ತದೆ ಅತ್ತೆ, ಒಂಚೂರು ಇಳಿಸೋಣವೇ ಎಂದು ಮೆತ್ತಗೆ ಕೇಳಿದೆ.

ಅತ್ತೆ ದಾಳವನ್ನು ಮುಷ್ಟಿಯೊಳಗೆ ಆಡಿಸುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

“ಇಷ್ಟ್ ದಿನ ಬೇರೇರ ಕೈಲಿತ್ತು, ಸರಿಯಾಗೇ ಇತ್ತು. ಈಗ ನನ್ ಕೈಗ್ ಬಂದ್ ಮ್ಯಾಕೆ ಜಾಸ್ತಿ ಆಗೋಯ್ತೇನವ್ವ?”

ಯೋಗೇಶ ಖಡ್ಗದ ಕಡೆ ನೋಡಿದ, ನಮ್ಮ ಮನೆಯವರು ಮದ್ದಿನ ಚೀಲದ ಕಡೆ ನೋಡಿದರು. ನಾನು ಪೆನ್ಸಿಲ್ ಕೆಳಗಿಟ್ಟೆ. ಊರ ಹೊರಗೆ ಇನ್ನೊಂದು ಪಾಳೆಯ ಇದೆ ಅತ್ತೆ, ಇದಕ್ಕಿಂತ ದೊಡ್ಡದು ಎಂದೆ.